ಮುಟ್ಟಬೇಡ ಎಂದು ಗುರುತು ಹಾಕಿದ ಪ್ರಶ್ನೆಗಳು

ನಾನು ಏಳು ಸಲ ನಿವೃತ್ತಳಾಗಿದ್ದೇನೆ. ಅತಿಥಿ ಶಿಕ್ಷಕರಿಗೆ ಜೂನ್‌ನಲ್ಲಿ ನೇಮಕದ ಪತ್ರ ಬರುತ್ತದೆ, ಮಾರ್ಚ್ ಕೊನೆಗೆ ಬಿಡುಗಡೆಯ ಪತ್ರ. ಆ ದಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಮುಂದಿನ ಜೂನ್‌ನಲ್ಲಿ ಅದೇ ಹೆಸರನ್ನು ಹೊಸದಾಗಿ ಬರೆಯುತ್ತಾರೆ. ಏಳನೆಯ ಗೆರೆಯ ನಂತರ ನನ್ನ ಹೆಸರನ್ನು ಯಾರೂ ಬರೆಯಲಿಲ್ಲ. ಆಗ ನನಗೆ ಮೂವತ್ತೆರಡು ವರ್ಷ.

ಈ ವರ್ಷ ಬೆಟಗೇರಿಯ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಶಿರಹಟ್ಟಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಪತ್ರ ಬಂದಿದೆ. ಮೊನ್ನೆ ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಪಾರ್ಟ್ಸ್ ಆಫ್ ಸ್ಪೀಚ್ ನೋಟ್ಸ್ ಕೊಡ್ರಿ, ಅಷ್ಟ ಸಾಕು" ಎಂದಳು. ಕೊಡುತ್ತೇನೆ ಎಂದೆ. ಕೊಡುವ ಮೊದಲು ಅದರ ಜೊತೆಗೆ ಇಡಲು ಇದನ್ನು ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವ ಇತರರೂ ಓದಬಹುದು.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಬಿ.ಎಡ್. ಮಾಡಿ, ಮೊದಲ ವರ್ಷ ಲಕ್ಷ್ಮೇಶ್ವರದ ಶಾಲೆಯೊಂದಕ್ಕೆ ಹೋದೆ. ವ್ಯಾಕರಣ ನನಗೆ ಪ್ರಿಯವಾದ ವಿಷಯ. ಪದಗಳಲ್ಲಿ ಎಂಟು ವಿಧ, ಒಂದೊಂದಕ್ಕೂ ಒಂದು ಕೆಲಸ. ಎಂಟು ಬಣ್ಣಗಳಲ್ಲಿ ಒಂದು ದೊಡ್ಡ ಚಾರ್ಟ್ ಬರೆದು ಗೋಡೆಗೆ ಹಚ್ಚಿದೆ. ಎರಡು ತಿಂಗಳಲ್ಲಿ ಎಂಟನೆಯ ತರಗತಿಯ ಮಕ್ಕಳು ನಾಮಪದ, ಸರ್ವನಾಮ, ಕ್ರಿಯಾಪದಗಳ ವ್ಯಾಖ್ಯೆಯನ್ನು ಒಂದೇ ರಾಗದಲ್ಲಿ ಹೇಳತೊಡಗಿದರು. ಹೊರಗಿನಿಂದ ಕೇಳಿದರೆ ಮಗ್ಗಿ ಹೇಳುತ್ತಿದ್ದಾರೆ ಎನಿಸುತ್ತಿತ್ತು.

ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ ನೌನ್ ಎಂದರೇನು ಎಂದು ಕೇಳಿದರು. ಅವಳು ಒಂದು ಅಕ್ಷರ ತಪ್ಪದೆ ಹೇಳಿದಳು. ಈ ಕೋಣೆಯಲ್ಲಿ ಒಂದು ನೌನ್ ತೋರಿಸು ಎಂದರು. ಕೋಣೆಯಲ್ಲಿ ಕಿಟಕಿ ಇತ್ತು, ಬೆಂಚು ಇತ್ತು, ನಾನಿದ್ದೆ, ಅವಳೇ ಇದ್ದಳು. ಅವಳು ಸ್ವಲ್ಪ ಹೊತ್ತು ಸುತ್ತ ನೋಡಿ ನನ್ನ ಚಾರ್ಟಿನ ಕಡೆಗೆ ಬೆರಳು ಮಾಡಿ, "ಅಲ್ಲೈತ್ರಿ, ಕೆಂಪ ಬಣ್ಣದ್ದು" ಎಂದಳು.

ಅಧಿಕಾರಿ ನಕ್ಕರು. ನಾನು ಅವಳ ಮೇಲೆ ಸಿಟ್ಟಾದೆ. ಅದು ಅವಳ ತಪ್ಪಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಎರಡನೆಯ ವರ್ಷ ಶಿರಹಟ್ಟಿ. ಅಲ್ಲಿ ತಂದೆಯ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದ್ದೆ. ಅರ್ಧ ತರಗತಿ ತಂದೆಗೆ 'ಹಿ' ಎನ್ನದೆ, ಅವರು ಎಂಬರ್ಥದಲ್ಲಿ 'ದೆ' ಎಂದು ಬರೆದಿತ್ತು. ಎಲ್ಲ ಕಡೆ ಕೆಂಪು ಗೆರೆ ಎಳೆದು, ಒಬ್ಬ ಮನುಷ್ಯನಿಗೆ 'ಹಿ' ಎನ್ನಬೇಕು ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್ರಿ, 'ಹಿ' ಅಂದ್ರ ಅವ ಅಂತಲ್ರಿ. ನಮ್ಮಪ್ಪಗ ನಾ ಅವ ಅನ್ನಂಗಿಲ್ರಿ" ಎಂದಳು. ಇಂಗ್ಲಿಷಿನಲ್ಲಿ ಹಾಗೆ ಅಂದರೆ ಅಗೌರವವಲ್ಲ ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ಪರೀಕ್ಷೆಯಲ್ಲಿ ಮತ್ತೆ 'ದೆ' ಎಂದೇ ಬರೆದು ಎರಡು ಅಂಕ ಕಳೆದುಕೊಂಡಳು. ಮರೆತು ಬರೆದದ್ದಲ್ಲ ಎಂದು ಈಗ ಅನಿಸುತ್ತದೆ. ಎರಡು ಅಂಕಕ್ಕಾಗಿ ತಂದೆಯನ್ನು ಅವ ಎನ್ನಲು ಅವಳಿಗೆ ಮನಸ್ಸಾಗಿರಲಿಕ್ಕಿಲ್ಲ.

ಇಂಥ ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಮಕ್ಕಳ ತಪ್ಪಿನ ಹಿಂದೆ ಬಹಳ ಸಲ ಒಂದು ವಿಚಾರ ಇರುತ್ತದೆ. ಇದು ನನಗೆ ಶಿರಹಟ್ಟಿಯಲ್ಲೇ ತಿಳಿದಿತ್ತು. ತಿಳಿದೂ ಮುಂದೆ ಮಾಡಿದ್ದು ಬೇರೆ.

ಉಳಿದ ಐದು ವರ್ಷ ಮುಂಡರಗಿ ತಾಲ್ಲೂಕಿನ ಒಂದು ದೊಡ್ಡ ಹಳ್ಳಿಯಲ್ಲಿ ಕಳೆದೆ. ಊರಿನ ಹೆಸರು ಬೇಡ. ಗದಗಿನಿಂದ ಬೆಳಗಿನ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟುತ್ತಿದ್ದೆ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ತರಗತಿಯ ಕಿಟಕಿಯಿಂದ ಕಾಣುತ್ತಿದ್ದವು. ಅಲ್ಲಿ ಹತ್ತನೆಯ ತರಗತಿ ನನ್ನ ಪಾಲಿಗೆ ಬಂತು, ಮತ್ತು ಅದರ ಜೊತೆಗೆ ಪಟ್ಟಿ ಬಂತು.

ಪಟ್ಟಿ ಎಂದರೆ ಏನು ಎಂದು ಹೊಸಬರಿಗೆ ಹೇಳಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗದವರ ಹೆಸರುಗಳನ್ನು ಬರೆದು ತಾಲ್ಲೂಕಿನ ಕಚೇರಿಗೆ ಕಳಿಸುತ್ತಾರೆ. ಆ ಮಕ್ಕಳನ್ನು ಶಿಕ್ಷಕರು ಹಂಚಿಕೊಂಡು 'ದತ್ತು' ತೆಗೆದುಕೊಳ್ಳಬೇಕು. ಅವರ ಮನೆಗೆ ಹೋಗಬೇಕು, ತಂದೆತಾಯಿಯ ಸಹಿ ತರಬೇಕು, ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಓದಲು ಎಬ್ಬಿಸಬೇಕು. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಪಾಸಾಗಲು ಬೇಕಾದಷ್ಟನ್ನೇ ತಿರುತಿರುಗಿ ಬರೆಸಬೇಕು: ಒಂದು ರಜಾ ಅರ್ಜಿ, ಒಂದು ಪದ್ಯ, ನಾಲ್ಕು ಪ್ರಶ್ನೋತ್ತರ, ವ್ಯಾಕರಣದ ಬಿಟ್ಟ ಸ್ಥಳಗಳು. ಇದಕ್ಕೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಿದ್ದೆವು.

ನಮ್ಮ ಹೆಡ್ ಸರ್ ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಪಟ್ಟಿಯ ಮಕ್ಕಳು ಎಲ್ಲ ಪ್ರಶ್ನೆಗಳಿಗೂ ಕೈಹಾಕಿ, ಬಾರದ್ದರಲ್ಲಿ ಹೊತ್ತು ಕಳೆದು, ಬರುವುದನ್ನು ಅರ್ಧಕ್ಕೆ ಬಿಟ್ಟು ಫೇಲಾಗುತ್ತಾರೆ ಎಂದು ಅವರು ಹಲವು ವರ್ಷ ಕಂಡಿದ್ದರು. ಆದ್ದರಿಂದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಮುಟ್ಟಬಾರದ ಪ್ರಶ್ನೆಗಳ ಮುಂದೆ ಪೆನ್ಸಿಲ್ಲಿನಿಂದ ಗುಣಿಸು ಚಿಹ್ನೆ ಹಾಕಿಸುತ್ತಿದ್ದರು. ನಿಜವಾದ ಪರೀಕ್ಷೆಯಲ್ಲಿ ಆ ಸಂಖ್ಯೆಯ ಪ್ರಶ್ನೆ ಬಂದರೆ ಓದಲೂ ಕೂಡದು. ಉಳಿದದ್ದನ್ನು ಬರೆದು, ಎರಡು ಸಲ ನೋಡಿ, ಸುಮ್ಮನೆ ಕೂರಬೇಕು. ಅವರು ಕೆಟ್ಟವರಲ್ಲ. ಈ ಉಪಾಯದಿಂದ ಪಾಸಾದ ಮಕ್ಕಳು ಹಬ್ಬದ ದಿನ ಅವರ ಮನೆಗೆ ಹೋಗಿ ಕಾಲು ಮುಟ್ಟುತ್ತಿದ್ದರು. ನಾಲ್ಕು ವರ್ಷ ನಾನೂ ಆ ಗುರುತುಗಳನ್ನು ಹಾಕಿದೆ.

ಆ ಹಳ್ಳಿಯ ನಾಲ್ಕನೆಯ ವರ್ಷದ ಪಟ್ಟಿಯಲ್ಲಿ ಶಾಹೀನಾ ಇದ್ದಳು. ಬಸ್ ನಿಲ್ದಾಣದ ಹತ್ತಿರ ಗಾದಿ ಹೊಲಿಯುವ ಮಾಬುಸಾಬರ ಹಿರಿಯ ಮಗಳು. ಬೇರೆ ವಿಷಯಗಳಲ್ಲಿ ಚೆನ್ನಾಗಿಯೇ ಇದ್ದಳು, ಇಂಗ್ಲಿಷಿನಲ್ಲಿ ಮಾತ್ರ ನೂರಕ್ಕೆ ಇಪ್ಪತ್ತೆಂಟು ಬಂದಿತ್ತು. ಸಹಿಗಾಗಿ ನಾನು ಅವರ ಅಂಗಡಿಗೆ ಹೋದಾಗ ಮಾಬುಸಾಬರು ಮೂಗಿಗೆ ಕಟ್ಟಿದ ಬಟ್ಟೆ ಇಳಿಸಿ, ಹತ್ತಿಯ ದೂಳು ಕೊಡವಿ, ಕುರ್ಚಿ ಒರೆಸಿ ಕೊಟ್ಟರು. ಅವರೇ ಮಾತು ತೆಗೆದರು. ಮಗಳಿಗೂ ತಮಗೂ ಒಂದು ಒಪ್ಪಂದ ಆಗಿದೆ, ಫಸ್ಟ್ ಕ್ಲಾಸ್ ಬಂದರೆ ಮುಂಡರಗಿಯ ಕಾಲೇಜಿಗೆ ಬಸ್ಸಿನಲ್ಲಿ ಕಳಿಸುತ್ತೇನೆ, ಬಾರದಿದ್ದರೆ ಅಂಗಡಿಯಲ್ಲಿ ಕೂರಬೇಕು ಎಂದರು. ಹಿಂದೆ ಹತ್ತಿ ಬಿಡಿಸುತ್ತಿದ್ದ ಶಾಹೀನಾ, "ಬರ್ತೈತಿ ಬಿಡಪಾ" ಎಂದಳು.

"ಅಕ್ಕೋರು ಹೇಳಿದಂಗ ಕೇಳು, ಬರ್ತೈತಿ" ಎಂದು ಮಾಬುಸಾಬರು ಸಹಿ ಮಾಡಿದರು.

ಬೆಳಗಿನ ಫೋನಿಗೆ ಬೇರೆ ಮಕ್ಕಳು ನಿದ್ದೆಗಣ್ಣಲ್ಲಿ ಎದ್ದೇನ್ರಿ ಎಂದು ಇಟ್ಟುಬಿಡುತ್ತಿದ್ದರು. ಶಾಹೀನಾ ಮಾತ್ರ ಮೊದಲ ಸಪ್ಪಳಕ್ಕೇ ಎತ್ತಿಕೊಂಡು ಏನಾದರೂ ಕೇಳುತ್ತಿದ್ದಳು. ಜನವರಿಯ ಒಂದು ದಿನ ಕೇಳಿದಳು: "ಟೀಚರ್ರಿ, ಮಳಿ ಬರಾಕತ್ತೈತಿ ಅನ್ನಾಕ 'ಇಟ್ ಈಸ್ ರೇನಿಂಗ್' ಅಂತೀವಲ್ರಿ. ಆ ಇಟ್ ಅಂದ್ರ ಯಾರ್ರಿ? ಮೋಡೇನು?"

ಎಂ.ಎ. ತರಗತಿಯಲ್ಲಿ ಒಂದು ಗಂಟೆ ಚರ್ಚಿಸಬಹುದಾದ ಪ್ರಶ್ನೆ ಅದು. ನಾನು ಇನ್ನೂ ಐದು ಮಕ್ಕಳಿಗೆ ಫೋನ್ ಮಾಡುವುದಿತ್ತು. "ಅದು ಪರೀಕ್ಷಾಕ್ಕ ಬರಂಗಿಲ್ಲವಾ, ಅರ್ಜಿ ಓದು" ಎಂದೆ.

ಅವತ್ತು ಬಸ್ಸಿನಲ್ಲಿ ಸಮಾಧಾನ ಇರಲಿಲ್ಲ. ಶಾಲೆಗೆ ಹೋದವಳೇ ಅವಳ ಅರ್ಧವಾರ್ಷಿಕ ಉತ್ತರಪತ್ರಿಕೆಯನ್ನು ಕಪಾಟಿನಿಂದ ತೆಗೆದೆ. ಗೆರೆ ಎಳೆದ ಪದದ ವಿಧವನ್ನು ಹೆಸರಿಸಿ ಎಂಬ ಪ್ರಶ್ನೆ. ಸಲ್ಮಾ ತನ್ನ ಪುಸ್ತಕವನ್ನು ಗೀತಾಳಿಗೆ ಕೊಟ್ಟಳು, ಯಾಕೆಂದರೆ ಅವಳು ತನ್ನದನ್ನು ಕಳೆದುಕೊಂಡಿದ್ದಳು ಎಂಬರ್ಥದ ಇಂಗ್ಲಿಷ್ ವಾಕ್ಯ. 'ಶಿ' ಎಂಬ ಪದದ ಕೆಳಗೆ ಗೆರೆ. 'ಪ್ರೊನೌನ್' ಎಂದು ಒಂದೇ ಶಬ್ದ ಬರೆದಿದ್ದರೆ ಸಾಕಿತ್ತು. ಶಾಹೀನಾ ಕನ್ನಡದಲ್ಲಿ ಬರೆದಿದ್ದಳು: "ಇಲ್ಲಿ ಶಿ ಅಂದರೆ ಗೀತಾ, ಸಲ್ಮಾ ಅಲ್ಲ. ಇಬ್ಬರೂ ಹುಡುಗಿಯರೇ, ಆದರೆ ಪುಸ್ತಕ ಕಳಕೊಂಡವರಿಗೇ ಪುಸ್ತಕ ಕೊಡುತ್ತಾರೆ. ಹೆಸರು ಮತ್ತೆ ಮತ್ತೆ ಹೇಳಬಾರದು ಅಂತ ಶಿ ಹಾಕಿದ್ದಾರೆ."

ನಾನು ಅದಕ್ಕೆ ಸೊನ್ನೆ ಕೊಟ್ಟಿದ್ದೆ. ಮುಂದಿನ ಎರಡು ಪುಟಗಳಲ್ಲೂ ಅಂಥವೇ ಉತ್ತರಗಳು, ಅಂಥವೇ ಸೊನ್ನೆಗಳು. ಐವತ್ತು ಪತ್ರಿಕೆಗಳನ್ನು ಎರಡು ದಿನದಲ್ಲಿ ತಿದ್ದುವಾಗ ಕಣ್ಣು ಬೇಕಾದ ಶಬ್ದವನ್ನು ಮಾತ್ರ ಹುಡುಕುತ್ತದೆ. ಕನ್ನಡ ಕಂಡ ಕೂಡಲೇ ನನ್ನ ಪೆನ್ನು ಸೊನ್ನೆ ಬರೆದು ಮುಂದೆ ಹೋಗಿತ್ತು. ಆ ತರಗತಿಯಲ್ಲಿ ಸರ್ವನಾಮ ಯಾಕಿದೆ ಎಂದು ಅರ್ಥಮಾಡಿಕೊಂಡವಳು ಪ್ರಾಯಶಃ ಅವಳೊಬ್ಬಳೇ. ಅವಳನ್ನು ನಾನು ಪಟ್ಟಿಗೆ ಹಾಕಿದ್ದೆ. ಅಕ್ಟೋಬರಿನಿಂದ ಅವಳು ಬೇರೆ ಕೋಣೆಯಲ್ಲಿ ರಜಾ ಅರ್ಜಿ ಬರೆಯುತ್ತಿದ್ದಳು.

ಪತ್ರಿಕೆ ಹಿಡಿದು ಹೆಡ್ ಸರ್ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಹುಡುಗಿ ಶಾಣ್ಯಾ ಅದಾಳ" ಎಂದರು. "ಆದ್ರ ಪಟ್ಟಿ ಮ್ಯಾಲ ಹೋಗೇತ್ರಿ ಮೇಡಂ. ಈಗ ಹೆಸರ ತಗದ್ರ ಯಾಕ ತಗದ್ರಿ ಅಂತ ಕೇಳ್ತಾರ. ಏನಂತ ಬರೀಲಿ? ನಮ್ಮ ಮೇಡಂಗ ಪೇಪರ್ ತಿದ್ದಾಕ ಬರಂಗಿಲ್ಲ ಅಂತ ಬರೀಲೇನು?"

ಹೆಸರು ಪಟ್ಟಿಯಲ್ಲೇ ಇರಲಿ, ಅವಳಿಗೆ ಎಲ್ಲ ಪ್ರಶ್ನೆಗಳನ್ನೂ ಬರೆಯಲು ಹೇಳುತ್ತೇನೆ ಎಂದೆ.

"ಹೇಳ್ರಿ. ಆಕಿ ಬರೀಲಿಕ್ಕೆ ಹೋಗಿ ಕನ್ನಡದಾಗ ಬರದ ಬಂದ್ರ? ಜೂನಿಗೆ ನಿಮಗ ಪತ್ರ ಬರಂಗಿಲ್ಲ, ನನಗ ನೋಟಿಸ್ ಬರ್ತೈತಿ. ಮೊದ್ಲ ಪಾಸ್ ಆಗ್ಲಿ ಮೇಡಂ. ಆಮ್ಯಾಲ ಶಾಣ್ಯಾ ಆಗ್ಲಿ."

ಅವರ ಮಾತಿನಲ್ಲಿ ಹೆದರಿಕೆ ಇತ್ತು, ಅದು ನನ್ನಲ್ಲೂ ಇತ್ತು. ಮಾಬುಸಾಬರ ಒಪ್ಪಂದ ನನಗೆ ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಬೇರೆ ವಿಷಯಗಳಲ್ಲಿ ಅಂಕ ಬರುತ್ತವೆ, ಹೇಗೋ ಆಗುತ್ತದೆ ಎಂದುಕೊಂಡೆ. ಫೆಬ್ರವರಿಯಲ್ಲಿ ಅವಳ ಮಾದರಿ ಪತ್ರಿಕೆಯ ಮೇಲೆ ನಾನೇ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಮೂವತ್ತು ಅಂಕಗಳ ಪ್ರಶ್ನೆಗಳು. ಅವಳು ಒಂದೆರಡರ ಮೇಲೆ ಬೆರಳಿಟ್ಟು, ಇವನ್ನೂ ಬಿಡಬೇಕೇ ಎಂದು ಕೇಳಿದಳು. ಬಿಡು ಎಂದೆ. ಸರಿರಿ ಎಂದಳು. ತಂದೆ ಹೇಳಿದ್ದರಲ್ಲ, ಅಕ್ಕೋರು ಹೇಳಿದಂತೆ ಕೇಳು ಎಂದು.

ಆ ವರ್ಷ ಶಾಲೆಯ ಫಲಿತಾಂಶ ನೂರಕ್ಕೆ ನೂರು. ಶಾಹೀನಾಳಿಗೆ ಇಂಗ್ಲಿಷಿನಲ್ಲಿ ನಲವತ್ತನಾಲ್ಕು. ಒಟ್ಟು ಆರುನೂರ ಇಪ್ಪತ್ತೈದಕ್ಕೆ ಮುನ್ನೂರ ಅರವತ್ತಾರು. ಫಸ್ಟ್ ಕ್ಲಾಸಿಗೆ ಒಂಬತ್ತು ಕಡಿಮೆ.

ಮೇ ತಿಂಗಳಲ್ಲಿ ಶಾಲೆಯ ಮೇಲುಸ್ತುವಾರಿ ಸಮಿತಿಯವರು ನಮಗೆ ಸನ್ಮಾನ ಇಟ್ಟುಕೊಂಡರು. ಹೆಡ್ ಸರ್ ಕೋಣೆಯಲ್ಲಿ ನನಗೂ ಒಂದು ಶಾಲು ಹೊದಿಸಿದರು. ಆಗ ಮಾಬುಸಾಬರು ಮಗಳೊಂದಿಗೆ ಬಂದರು. ಅವರ ಕೈಯಲ್ಲಿ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ತಲೆದಿಂಬು.

"ಹೊಸಾ ಹತ್ತೀದು ಐತ್ರಿ ಅಕ್ಕೋರ" ಎಂದು ನನ್ನ ಕೈಗೆ ಕೊಟ್ಟರು. "ಫೇಲ್ ಆಗು ಹುಡುಗೀನ ಪಾಸ್ ಮಾಡಿದ್ರಿ."

ಅವಳನ್ನು ಕಾಲೇಜಿಗೆ ಕಳಿಸಿ, ಅವಳು ಓದುತ್ತಾಳೆ ಎಂದೆ. ಅವರು ಸಂಕೋಚದಿಂದ ನಕ್ಕರು. ಒಪ್ಪಂದ ಒಪ್ಪಂದವೇ, ಕಿರಿಯರು ಇಬ್ಬರು ನೋಡುತ್ತಿದ್ದಾರೆ, ಈಗ ಇವಳಿಗೆ ಸಡಿಲ ಬಿಟ್ಟರೆ ನಾಳೆ ಅವರು ಮಾತು ಕೇಳುವುದಿಲ್ಲ ಎಂದರು. ಒಂಬತ್ತು ಅಂಕ ಹೋದದ್ದು ಅವಳಿಂದಲ್ಲ, ನನ್ನಿಂದ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಸಮಿತಿಯವರು ಕುಳಿತಿದ್ದರು. ಹೆಡ್ ಸರ್ ನನ್ನನ್ನು ನೋಡುತ್ತಿದ್ದರು. ಹೆಗಲ ಮೇಲೆ ಶಾಲಿತ್ತು. ನಾನು ಹೇಳಲಿಲ್ಲ.

ತಂದೆ ಹೊರಗೆ ಹೋದ ಮೇಲೆ ಶಾಹೀನಾ ಬಾಗಿಲಲ್ಲಿ ನಿಂತಳು.

"ಬಿಡು ಅಂದಿದ್ರಲ್ರಿ, ಅವೆಲ್ಲ ನನಗ ಬರ್ತಿದ್ದುವ್ರಿ" ಎಂದಳು. ದೂರುವ ದನಿ ಇರಲಿಲ್ಲ. "ಎಲ್ಲಾ ಬರದು ಇನ್ನಾ ಒಂದ ತಾಸ ಉಳಿದಿತ್ರಿ. ಕೈ ಕಟ್ಟಿಕೊಂಡು ಕುಂತಿದ್ದೆ."

ಜೂನ್‌ನಲ್ಲಿ ನನಗೆ ಪತ್ರ ಬಂತು. ಹೋದೆ. ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಗೋಡೆಯ ಮೇಲೆ ಪರದೆ ಬಂದಿತ್ತು, ಅದರಲ್ಲಿ ಎಂಟು ವಿಧದ ಪದಗಳು ಬಣ್ಣಬಣ್ಣದ ಗೊಂಬೆಗಳಾಗಿ ಕುಣಿಯುತ್ತಿದ್ದವು. ಬೆಳಗಿನ ಫೋನಿನ ಬದಲು ಮೊಬೈಲ್ ಗುಂಪಿನಲ್ಲಿ ಸಂದೇಶ ಹಾಕಿದರೆ ಸಾಕು ಎಂದಾಗಿತ್ತು. ಪಟ್ಟಿ ಮಾತ್ರ ಹಾಗೆಯೇ ಇತ್ತು. ನನ್ನ ಪಾಲಿಗೆ ಏಳು ಮಕ್ಕಳು ಬಂದರು.

ದಿನವೂ ಬಸ್ಸು ಇಳಿದು ಆ ಅಂಗಡಿಯ ಮುಂದೆ ಹಾದುಹೋಗಬೇಕಿತ್ತು. ಎಂಟು ತಿಂಗಳು ರಸ್ತೆಯ ಆಚೆ ಬದಿಯಲ್ಲಿ ನಡೆದೆ. ಫೆಬ್ರವರಿಯಲ್ಲಿ, ಏಳು ಮಾದರಿ ಪತ್ರಿಕೆಗಳಿಗೆ ಗುರುತು ಹಾಕಿ ಮುಗಿಸಿದ ದಿನ ಸಂಜೆ, ಒಳಗೆ ಹೋದೆ. ಶಾಹೀನಾ ಚಾಪೆಯ ಮೇಲೆ ಕುಳಿತು ದಬ್ಬಣದಿಂದ ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಸೊನ್ನೆ, ಪಟ್ಟಿ, ಗುರುತು, ಸನ್ಮಾನದ ದಿನ ಸುಮ್ಮನಿದ್ದದ್ದು.

ಮಾಬುಸಾಬರು ಕೈಯ ಹತ್ತಿ ಕೆಳಗಿಟ್ಟು, "ಅವತ್ತ ಹೇಳಬೇಕಿತ್ರಿ ಅಕ್ಕೋರ" ಎಂದರು. "ಕಳಸ್ತಿದ್ದೆ ನಾ." ಮಗಳ ಕಡೆ ತಿರುಗಿ, ಈ ಜೂನ್‌ನಲ್ಲಿ ಹೋಗುತ್ತೀಯಾ ಎಂದು ಕೇಳಿದರು.

"ಒಲ್ಲೆಪಾ" ಎಂದಳು ಶಾಹೀನಾ. "ವರ್ಷಾತು. ಪುಸ್ತಕ ಹಿಡದ್ರ ಈಗ ನಿದ್ದಿ ಬರ್ತೈತಿ." ಹೊಲಿಗೆ ನಿಲ್ಲಿಸಲಿಲ್ಲ. ದಾರ ಎಳೆದು ಗಂಟು ಹಾಕಿ ನನ್ನನ್ನು ನೋಡಿದಳು. "ಈ ವರ್ಷ ಎಷ್ಟ ಮಂದಿ ಅದಾರ್ರಿ ಪಟ್ಟಿವೊಳಗ?"

ಏಳು ಎಂದೆ.

"ಅವರಿಗೂ ಬಿಡಾಕ ಹೇಳೀರೇನ್ರಿ?"

ಮರುದಿನ ಏಳೂ ಪತ್ರಿಕೆಗಳ ಮೇಲಿನ ಗುರುತುಗಳನ್ನು ರಬ್ಬರಿನಿಂದ ಅಳಿಸಿದೆ. ಬಾರದಿದ್ದರೂ ಬರೆಯಿರಿ, ತಿಳಿದಷ್ಟು ಬರೆಯಿರಿ ಎಂದೆ. ಪರೀಕ್ಷೆಗೆ ಆರು ವಾರ ಉಳಿದಿತ್ತು. ಅಷ್ಟರಲ್ಲಿ ಹೇಳಿಕೊಡಬಹುದಾದದ್ದನ್ನು ಹೇಳಿಕೊಟ್ಟೆ. ಹೆಡ್ ಸರ್‌ಗೆ ತಿಳಿಸಲಿಲ್ಲ.

ಇಲ್ಲಿ ನಾನು ಗೆದ್ದೆ ಎಂದು ಬರೆಯಲಾರೆ. ಏಳರಲ್ಲಿ ಒಬ್ಬ ಹುಡುಗಿಗೆ ಐವತ್ತೆಂಟು ಬಂತು. ನಾಲ್ವರು ಹೇಗೋ ಪಾಸಾದರು. ಇಬ್ಬರು ಫೇಲಾದರು. ಫೇಲಾದವರ ಪೈಕಿ ಒಬ್ಬಳು ಮರುಪರೀಕ್ಷೆ ಬರೆದು ಪಾಸಾದಳು. ಇನ್ನೊಬ್ಬನ ಹೆಸರು ದುರಗಪ್ಪ. ಅವನು ಎಲ್ಲ ಪ್ರಶ್ನೆಗಳಿಗೂ ಕೈಹಾಕಿ, ಬಾಯಿಪಾಠವಾಗಿದ್ದ ಅರ್ಜಿಯನ್ನು ಬರೆಯಲು ಹೊತ್ತು ಸಾಲದೆ ಬಂದಿದ್ದ. ಮರುಪರೀಕ್ಷೆಗೆ ಕೂರಲಿಲ್ಲ. ಗಾರೆ ಕೆಲಸಕ್ಕೆ ಗೋವಾಕ್ಕೆ ಹೋದ.

ಹೆಡ್ ಸರ್ ಬೈಯಲಿಲ್ಲ. "ಆ ಇಬ್ರೂ ಪಾಸ್ ಆಗು ಮಕ್ಕಳಿದ್ರು ಮೇಡಂ" ಎಂದಷ್ಟೇ ಹೇಳಿ ಕಡತ ಮುಚ್ಚಿದರು. ಅದು ಖರೆ ಇತ್ತು. ಜೂನ್‌ನಲ್ಲಿ ಪತ್ರ ಬರಲಿಲ್ಲ.

ಈಗ ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ನನ್ನ ಕೆಂಪು ಗೆರೆ ಈಗ ಕಾಗದದ ಮೇಲೆ ಮಾತ್ರ ಬೀಳುತ್ತದೆ. ಮಾಬುಸಾಬರು ಕೊಟ್ಟ ದಿಂಬು ಅಟ್ಟದ ಮೇಲೆ ದಿನಪತ್ರಿಕೆಯ ಸುತ್ತಿನಲ್ಲೇ ಇದೆ. ಬಿಡು ಎಂದು ಒಬ್ಬಳನ್ನು ಕಳೆದುಕೊಂಡೆ, ಬರೆ ಎಂದು ಒಬ್ಬನನ್ನು. ಯಾವುದು ಸರಿ ಎಂದು ಹೊಸಬರಿಗೆ ಹೇಳುವ ಅಧಿಕಾರ ನನಗಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಪಟ್ಟಿಗೆ ಹೆಸರು ಬರೆಯುವ ಮೊದಲು ಆ ಮಗುವಿನ ಉತ್ತರಪತ್ರಿಕೆಯನ್ನು, ಅಂಕಗಳನ್ನು ಕೈಯಲ್ಲಿ ಮುಚ್ಚಿಕೊಂಡು, ಒಂದು ಸಲ ಪೂರ್ತಿ ಓದಿ.

ಓಣಿಯ ಹುಡುಗಿ ನಾಳೆ ಬರುತ್ತಾಳೆ. ನೋಟ್ಸ್ ಕಟ್ಟಿಟ್ಟಿದ್ದೇನೆ. ಎಂಟು ವಿಧದ ಪದಗಳೂ ಅದರಲ್ಲಿವೆ. ಕೆಳಗೆ ಶಾಹೀನಾಳ ಉತ್ತರಪತ್ರಿಕೆಯನ್ನೂ ಇಟ್ಟಿದ್ದೇನೆ. ಶಾಲೆಯ ಹಳೆಯ ಉತ್ತರಪತ್ರಿಕೆಗಳು ರದ್ದಿಗೆ ಹೋಗುವ ದಿನ ಕೇಳಿ ತಂದದ್ದು ಅದು. ನಾನು ಕೊಟ್ಟ ಸೊನ್ನೆಗಳು ಅದರಲ್ಲಿ ಹಾಗೆಯೇ ಇವೆ. ಅವನ್ನು ಅಳಿಸಿಲ್ಲ.